ರಾಮ್-ಲಾಕ್ ಯಾರು? ಸ್ಕ್ಯಾನಿಂಗ್ ಯಂತ್ರದೊಳಗಿನ ಬೆಂಗಳೂರು

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಒಂದು ಸುದ್ದಿ ಎಲ್ಲಿಂದಲಾದರೂ ಕಿವಿಗೆ ಬಿದ್ದೇ ಬೀಳುತ್ತದೆ. "ಮರದಿಂದ ಬಿದ್ನಡ, ತಲೆ ಸ್ಕ್ಯಾನಿಂಗ್ ಮಾಡ್ಸಲೆ ಹುಬ್ಳಿಗೆ ಒಯ್ದ್ರಡ." ಕೊನೆಗೌಡರ ಕೆಲಸವೇ ಹಾಗೆ, ಮರದಿಂದ ಮರಕ್ಕೆ ಹಾರುವ ಕೆಲಸ. ಪೆಟ್ಟು ದೊಡ್ಡದಾದರೆ ಹುಬ್ಬಳ್ಳಿ, ಶಿವಮೊಗ್ಗ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ಶಿರಸಿಯಿಂದ ಹುಬ್ಬಳ್ಳಿ ಹೆಚ್ಚುಕಡಿಮೆ ನೂರು ಕಿಲೋಮೀಟರ್.

ಅಲ್ಲಿ ಸಿಟಿ ಸ್ಕ್ಯಾನ್ ಯಂತ್ರದ ದೊಡ್ಡ ಬಳೆಯೊಳಗೆ ತಲೆ ಇಟ್ಟರೆ ಕೆಲವೇ ಸೆಕೆಂಡುಗಳಲ್ಲಿ ಮಿದುಳಿನ ಸೀಳುಚಿತ್ರ ಪರದೆಯ ಮೇಲೆ ಬರುತ್ತದೆ. ರಕ್ತ ಎಲ್ಲಿ ಹೆಪ್ಪುಗಟ್ಟಿದೆ, ತಕ್ಷಣ ಆಪರೇಷನ್ ಬೇಕೋ ಬೇಡವೋ, ಎಲ್ಲ ಆ ಚಿತ್ರವೇ ಹೇಳಬೇಕು. ಯಂತ್ರದ ಮೇಲೆ ಜರ್ಮನಿಯದೋ ಅಮೆರಿಕದ್ದೋ ಜಪಾನಿನದೋ ಹೆಸರಿರುತ್ತದೆ. ಆದರೆ ಚಿತ್ರ ಕಟ್ಟುವ ಲೆಕ್ಕದಲ್ಲಿ ಬೆಂಗಳೂರಿನ ಪಾಲೊಂದಿದೆ. ಇವತ್ತು ಆ ಕಥೆ.

ನಾನು ಎಂಜಿನಿಯರಿಂಗ್ ಓದುವಾಗ ಮ್ಯಾಟ್‌ಲ್ಯಾಬ್‌ನಲ್ಲಿ ಐರೇಡಾನ್ ಎಂಬ ಫಂಕ್ಷನ್ ಬಳಸಿದ್ದೆ. ನೆರಳುಗಳಿಂದ ಚಿತ್ರ ಕಟ್ಟುವ ಫಂಕ್ಷನ್ ಅದು. ನೀವು ಯಾವ ಫಿಲ್ಟರ್ ಎಂದು ಹೇಳದಿದ್ದರೆ ಅದು ತಾನಾಗಿಯೇ 'ರಾಮ್-ಲಾಕ್' ಎನ್ನುವ ಫಿಲ್ಟರ್ ಎತ್ತಿಕೊಳ್ಳುತ್ತದೆ. ಈ ರಾಮ್ ಯಾರು, ಲಾಕ್ ಯಾರು ಎಂದು ಪಾಠ ಮಾಡಿದವರು ಹೇಳಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ರಾಮ್ ಅಂದರೆ ಜಿ. ಎನ್. ರಾಮಚಂದ್ರನ್. ಲಾಕ್ ಅಂದರೆ ಎ. ವಿ. ಲಕ್ಷ್ಮೀನಾರಾಯಣನ್. ಎರಡೂ ಹೆಸರನ್ನು ಕತ್ತರಿಸಿ ಅಂಟಿಸಿದ್ದಾರೆ, ಅಷ್ಟೇ :-)

ಮೊದಲು ಸಮಸ್ಯೆ ಏನು ಅಂತ ನೋಡೋಣ. ಎಕ್ಸ್-ರೇ ಅಂದರೆ ನೆರಳು. ಮುಂದಿನ ಮೂಳೆ, ಹಿಂದಿನ ಮೂಳೆ, ನಡುವಿನ ಮಾಂಸ ಎಲ್ಲ ಒಂದರ ಮೇಲೊಂದು ಬಿದ್ದು ಒಂದೇ ಹಾಳೆಗೆ ಬರುತ್ತದೆ. ತೋಟದ ಅಂಚಿಗೆ ನಿಂತು ಅಡಿಕೆ ಮರಗಳನ್ನು ನೋಡಿದಂತೆ. ಒಂದು ಕಡೆಯಿಂದ ನೋಡಿದರೆ ಹತ್ತು ಮರ ಒಂದರ ಹಿಂದೊಂದು ಅಡಗಿ ಒಂದೇ ಮರದ ಹಾಗೆ ಕಾಣುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಬೇರೆ ಸಾಲು ಮೂಡುತ್ತದೆ. ತೋಟದ ಸುತ್ತ ಒಂದು ಸುತ್ತು ಹಾಕಿ, ಪ್ರತಿ ದಿಕ್ಕಿನಿಂದಲೂ ಎಲ್ಲೆಲ್ಲಿ ಎಷ್ಟು ಬೆಳಕು ತಡೆದಿದೆ ಎಂದು ಬರೆದುಕೊಂಡರೆ, ಒಳಗೆ ಕಾಲಿಡದೆಯೇ ಪ್ರತಿ ಮರ ಎಲ್ಲಿದೆ ಎಂದು ನಕ್ಷೆ ಬರೆಯಬಹುದೇ?

ಬರೆಯಬಹುದು ಎಂದು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರೇಡಾನ್ 1917ರಲ್ಲೇ ಸಾಧಿಸಿ ತೋರಿಸಿದ್ದ. ಅವನಿಗೆ ಅದು ಶುದ್ಧ ಗಣಿತ. ಆಮೇಲೆ ದಕ್ಷಿಣ ಆಫ್ರಿಕಾದ ಭೌತವಿಜ್ಞಾನಿ ಅಲನ್ ಕಾರ್ಮಾಕ್, ಕೇಪ್‌ಟೌನ್‌ನ ಆಸ್ಪತ್ರೆಯೊಂದರಲ್ಲಿ ಅರೆಕಾಲಿಕ ಕೆಲಸ ಮಾಡುವಾಗ ಇದೇ ಪ್ರಶ್ನೆಯನ್ನು ರೇಡಾನ್‌ನ ಸುದ್ದಿಯೇ ಗೊತ್ತಿಲ್ಲದೆ ಬಿಡಿಸಿ 1963 ಮತ್ತು 1964ರಲ್ಲಿ ಪ್ರಕಟಿಸಿದ. ಹೆಚ್ಚಿನವರು ಅದನ್ನು ಗಮನಿಸಲೇ ಇಲ್ಲ. ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ನಿಜವಾದ ಯಂತ್ರವನ್ನೇ ಕಟ್ಟಿದ. ಅವನ ಪ್ರಯೋಗಾಲಯದ ಮೊದಲ ಮಾದರಿಗೆ ಒಂದು ಚಿತ್ರದ ಅಳತೆ ತೆಗೆಯಲು ಒಂಬತ್ತು ದಿನ ಬೇಕಾಗಿತ್ತು! 1971ರ ಅಕ್ಟೋಬರ್ 1ರಂದು ಲಂಡನ್ ಬಳಿಯ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು. 1979ರ ನೊಬೆಲ್ ಕಾರ್ಮಾಕ್ ಮತ್ತು ಹೌನ್ಸ್‌ಫೀಲ್ಡ್ ಇಬ್ಬರಿಗೂ ಸಿಕ್ಕಿತು.

ಈಗ ಬೆಂಗಳೂರಿಗೆ ಬರೋಣ. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. 1942ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬಂದರು. ಸಿ. ವಿ. ರಾಮನ್ ಈ ಹುಡುಗನನ್ನು ಕಂಡು ತಮ್ಮ ಭೌತವಿಜ್ಞಾನ ವಿಭಾಗಕ್ಕೆ ಎಳೆದುಕೊಂಡರಂತೆ. (ಎಂಜಿನಿಯರುಗಳಿಗೆ ಆದ ನಷ್ಟ ಅದು!) 1952ರಿಂದ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದು, ಚರ್ಮ ಮತ್ತು ಮೂಳೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಹುರಿಯಂತಿದೆ ಎಂದು ತೋರಿಸಿದರು. 1963ರ 'ರಾಮಚಂದ್ರನ್ ಪ್ಲಾಟ್' ಇಂದಿಗೂ ಜಗತ್ತಿನ ಬಯೋಕೆಮಿಸ್ಟ್ರಿ ಪಠ್ಯಗಳಲ್ಲಿದೆ. 1970ರ ಹೊತ್ತಿಗೆ ಮದ್ರಾಸು ಬಿಟ್ಟು ಮತ್ತೆ ಬೆಂಗಳೂರಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಷಿಕಾಗೋ ವಿಶ್ವವಿದ್ಯಾಲಯದ ಜೊತೆಗೂ ಅವರಿಗೆ ನಂಟಿತ್ತು.

ಅವರ ಮುಂದಿದ್ದ ಪ್ರಶ್ನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಪ್ಪಟೆ ಚಿತ್ರಗಳಿಂದಲೂ ಎಕ್ಸ್-ರೇಗಳಿಂದಲೂ ಮೂರು ಆಯಾಮದ ಆಕಾರ ಕಟ್ಟುವುದು ಹೇಗೆ ಎಂಬುದು. ಕೇಂಬ್ರಿಜ್‌ನಲ್ಲಿ ಡಿರೋಸಿಯರ್ ಮತ್ತು ಆರನ್ ಕ್ಲಗ್ 1968ರಲ್ಲಿ ಫೂರಿಯೇ ಗಣಿತದಿಂದ ಇದನ್ನು ಮಾಡಿದ್ದರು. ಆದರೆ ಆ ಕಾಲದ ಕಂಪ್ಯೂಟರಿಗೆ ಅದು ಭಾರ. 1971ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಯ ಪತ್ರಿಕೆಯಲ್ಲಿ ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ ಐದು ಪುಟದ ಪ್ರಬಂಧ ಬರೆದು, ಫೂರಿಯೇ ಬೇಡ, ಕನ್ವಲ್ಯೂಷನ್ ಸಾಕು ಎಂದರು.

ಮತ್ತೆ ತೋಟಕ್ಕೇ ಬನ್ನಿ. ಪ್ರತಿ ದಿಕ್ಕಿನ ನೆರಳನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಎಳೆದು ನಕ್ಷೆಯ ಮೇಲೆ ಗೆರೆ ಬಳಿಯುತ್ತಾ ಹೋಗಿ. ಎಲ್ಲ ಗೆರೆಗಳೂ ಕೂಡುವ ಕಡೆ ಮರವಿದೆ. ಸರಿ, ಆದರೆ ಗೆರೆಗಳು ಅಕ್ಕಪಕ್ಕದಲ್ಲೂ ಹಾದು ಹೋಗಿರುವುದರಿಂದ ಪ್ರತಿ ಮರದ ಸುತ್ತಲೂ ಮಂಜು ಕವಿದಂತೆ ಮಸುಕು. ಅದಕ್ಕೆ ಇವರ ಉಪಾಯ ಹೀಗಿದೆ. ಹಿಂದಕ್ಕೆ ಎಳೆಯುವ ಮೊದಲೇ ಪ್ರತಿ ಅಳತೆಯಿಂದ ಅಕ್ಕಪಕ್ಕದವುಗಳ ಒಂದಿಷ್ಟು ಪಾಲನ್ನು ಕಳೆಯಬೇಕು. ಎಷ್ಟು ಕಳೆಯಬೇಕು? ನಡುವಿನದಕ್ಕೆ 1/4. ಒಂದು ಮನೆ ಪಕ್ಕದ್ದಕ್ಕೆ ಸುಮಾರು -0.101. ಎರಡನೇ ಮನೆಗೆ ಸೊನ್ನೆ. ಮೂರನೆಯದಕ್ಕೆ ಸುಮಾರು -0.011. ನಾಲ್ಕನೆಯದಕ್ಕೆ ಮತ್ತೆ ಸೊನ್ನೆ. ಹೀಗೆ ಎರಡೂ ಬದಿಗೆ ಕೊನೆಯಿಲ್ಲದೆ ಹೋದರೆ ಎಲ್ಲದರ ಮೊತ್ತ ಸೊನ್ನೆಯಾಗುತ್ತದೆ. ಸಮ ಸ್ಥಾನಗಳೆಲ್ಲ ಸೊನ್ನೆಯಾದ್ದರಿಂದ ಕಂಪ್ಯೂಟರಿಗೆ ಅರ್ಧದಷ್ಟು ಗುಣಾಕಾರ ಉಳಿತಾಯ. ಕೋಡ್ ಬರೆಯುವವರಿಗೆ ಇದರ ಸುಖ ಗೊತ್ತು.

ಒಂದು ಮಾತು ಇಲ್ಲೇ ಹೇಳಬೇಕು. ರೇಡಿಯೋ ಖಗೋಳದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇದೇ ದಾರಿ ತುಳಿದಿದ್ದರು. ಎಲ್ಲವೂ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಎಕ್ಸ್-ರೇ ಚಿತ್ರಕ್ಕೆ ಇದನ್ನು ಸರಳವಾಗಿ, ಕಂಪ್ಯೂಟರಿಗೆ ಒಗ್ಗುವಂತೆ ಬರೆದುಕೊಟ್ಟವರು ಇವರು. ಹೌನ್ಸ್‌ಫೀಲ್ಡ್‌ನ ಮೊದಲ ಯಂತ್ರ ಬೇರೆ ವಿಧಾನ ಬಳಸಿತ್ತು, ಉತ್ತರವನ್ನು ಮತ್ತೆ ಮತ್ತೆ ತಿದ್ದಿಕೊಳ್ಳುತ್ತಾ ಹೋಗುವ ವಿಧಾನ. ಕೆಲವೇ ವರ್ಷಗಳಲ್ಲಿ ಸ್ಕ್ಯಾನರುಗಳು ಕನ್ವಲ್ಯೂಷನ್ ದಾರಿಗೆ ಬಂದವು. ಮೂರು ದಶಕಕ್ಕೂ ಹೆಚ್ಚು ಕಾಲ ಅದೇ ರಾಜಮಾರ್ಗ. ಈಚೆಗೆ ಕಂಪ್ಯೂಟರಿನ ಶಕ್ತಿ ಹೆಚ್ಚಿದ ಮೇಲೆ ತಿದ್ದುವ ವಿಧಾನ ಮರಳಿ ಬಂದಿದೆ, ಡೀಪ್ ಲರ್ನಿಂಗ್ ಕೂಡ ಸೇರಿಕೊಂಡಿದೆ.

ರಾಮಚಂದ್ರನ್ ಅವರಿಗೆ ನೊಬೆಲ್ ಸಿಗಲಿಲ್ಲ ಎಂದು ಮರುಗುವವರು ಬಹಳ ಇದ್ದಾರೆ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ಲೆಕ್ಕ ಹುಟ್ಟಿದ ಊರಿನ ಆಸ್ಪತ್ರೆಗಳೇ ಯಂತ್ರವನ್ನು ಹೊರದೇಶದಿಂದ ತರಿಸಬೇಕಾಗಿ ಬಂದದ್ದು ಯಾಕೆ? ಆ ಲೆಕ್ಕವನ್ನು ಎತ್ತಿಕೊಂಡು ಯಂತ್ರ ಮಾಡುವ ಜವಾಬ್ದಾರಿ ಇಲ್ಲಿ ಯಾರ ಮೇಲಿತ್ತು? ಭೌತವಿಜ್ಞಾನಿಗೆ ಆಸ್ಪತ್ರೆ ಇರಲಿಲ್ಲ. ಡಾಕ್ಟರಿಗೆ ವರ್ಕ್‌ಶಾಪ್ ಇರಲಿಲ್ಲ. ಎಂಜಿನಿಯರಿಗೆ ರೋಗಿಯ ಪರಿಚಯ ಇರಲಿಲ್ಲ.

ಇದು ನಮ್ಮೊಬ್ಬರ ಕಷ್ಟ ಅಂದುಕೊಳ್ಳಬೇಡಿ. ದುಡ್ಡಿನ ಅಮೆರಿಕದಲ್ಲೂ ಇದೇ ಗೋಳು. ಅಲ್ಲಿ ವೈದ್ಯಕೀಯ ಸಂಶೋಧನೆಗೆ ಸರ್ಕಾರದ ಹಣ ಹಂಚುವುದು ಎನ್‌ಐಎಚ್ ಎಂಬ ಮಹಾಸಂಸ್ಥೆ. ಅದರ ಒಳಗಿನ ಸಂಸ್ಥೆಗಳು ಬಹುಪಾಲು ಒಂದೊಂದು ರೋಗಕ್ಕೆ, ಒಂದೊಂದು ಅಂಗಕ್ಕೆ ಹುಟ್ಟಿದವು. ಕ್ಯಾನ್ಸರಿಗೆ 1937ರಲ್ಲಿ, ಹೃದಯಕ್ಕೆ 1948ರಲ್ಲಿ, ಕಣ್ಣಿಗೆ 1968ರಲ್ಲಿ. ಹಾಗಾದರೆ ಸ್ಕ್ಯಾನರ್ ಯಾರದು? ತಲೆಯನ್ನೂ ಹೊಟ್ಟೆಯನ್ನೂ ಮೂಳೆಯನ್ನೂ ನೋಡುವ ಯಂತ್ರಕ್ಕೆ ತನ್ನದೇ ಅಂತ ಒಂದು ರೋಗವಿಲ್ಲ. ಹಾಗಾಗಿ ತನ್ನದೇ ಅಂತ ಒಂದು ಮನೆಯೂ ಇರಲಿಲ್ಲ. ರೇಡಿಯಾಲಜಿಯವರೂ ಬಯೋಎಂಜಿನಿಯರುಗಳೂ ವರ್ಷಗಟ್ಟಲೆ ಪಟ್ಟುಹಿಡಿದ ಮೇಲೆ, 2000ದ ಡಿಸೆಂಬರ್ 29ರಂದು ಅಧ್ಯಕ್ಷ ಕ್ಲಿಂಟನ್ ಕಾನೂನಿಗೆ ಸಹಿ ಹಾಕಿ 'ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಇಮೇಜಿಂಗ್ ಅಂಡ್ ಬಯೋಎಂಜಿನಿಯರಿಂಗ್' ಹುಟ್ಟಿತು. 2002ರಿಂದ 2017ರವರೆಗೆ ಅದನ್ನು ನಡೆಸಿದ ಮೊದಲ ನಿರ್ದೇಶಕ ರೊಡೆರಿಕ್ ಪೆಟಿಗ್ರೂ ಡಾಕ್ಟರೂ ಹೌದು, ಭೌತವಿಜ್ಞಾನಿಯೂ ಹೌದು. ಲೆಕ್ಕ ಹಾಕಿ ನೋಡಿ, ಮೊದಲ ಸ್ಕ್ಯಾನ್ ಆಗಿ 29 ವರ್ಷದ ಮೇಲೆ ಅಮೆರಿಕದಲ್ಲಿ ಸ್ಕ್ಯಾನರಿಗೊಂದು ಸರ್ಕಾರಿ ಮನೆ ಸಿಕ್ಕಿತು.

ನಮ್ಮಲ್ಲಿ ಅಂಥ ಮನೆ ಕಟ್ಟಿದವರೇ ಇಲ್ಲವೇ? ಇದ್ದಾರೆ, ಪಕ್ಕದ ಕೇರಳದಲ್ಲೇ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯನ್ನು 1980ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ರಾಷ್ಟ್ರೀಯ ಮಹತ್ವದ ಸಂಸ್ಥೆ ಮಾಡಲಾಯಿತು. ಹೃದಯ ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅಲ್ಲಿ ಆಸ್ಪತ್ರೆಯನ್ನೂ ಯಂತ್ರ ಮಾಡುವ ವಿಭಾಗವನ್ನೂ ಒಂದೇ ಸಂಸ್ಥೆಯ ಒಳಗೆ ಇಟ್ಟರು. ಹೃದಯದ ಕೃತಕ ಕವಾಟವನ್ನು ಇಲ್ಲೇ ಮಾಡಬೇಕೆಂಬ ಹಟ. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರಿನಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಅಳವಡಿಸಿದರು. ಆಮೇಲೆ ಟಿಟಿಕೆ ಕಂಪನಿ ತಯಾರಿಸಿದ ಆ ಕವಾಟ ಲಕ್ಷಕ್ಕೂ ಮಿಕ್ಕಿ ಎದೆಗಳನ್ನು ಸೇರಿದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಯಾಗಿದ್ದರು, 2024ರಲ್ಲಿ ತೀರಿಕೊಂಡರು.

ಬೆಂಗಳೂರಿನ ಫಿಲ್ಟರಿಗೂ ತಿರುವನಂತಪುರದ ಕವಾಟಕ್ಕೂ ಬುದ್ಧಿವಂತಿಕೆಯಲ್ಲಿ ಹೆಚ್ಚುಕಡಿಮೆ ಹುಡುಕಬೇಕಿಲ್ಲ. ಕವಾಟ ಸೋತಾಗ ಅದನ್ನು ಮತ್ತೆ ಎತ್ತಿಕೊಳ್ಳಲು ಒಂದು ಸಂಸ್ಥೆ ಕಾದಿತ್ತು. ಫಿಲ್ಟರ್ ಗೆದ್ದಾಗಲೂ ಅದನ್ನು ಎತ್ತಿಕೊಳ್ಳುವ ಸಂಸ್ಥೆ ಇಲ್ಲಿರಲಿಲ್ಲ. ನನ್ನ ಮಟ್ಟಿಗೆ ಇಡೀ ಚರಿತ್ರೆಯ ಸಾರ ಇಷ್ಟೇ.

ಟಾಟಾ ಇನ್‌ಸ್ಟಿಟ್ಯೂಟ್ ಕೂಡ ಈಗ ಆ ಕಡೆ ಹೊರಳಿದೆ. 2015ರಲ್ಲಿ ಬಯೋಸಿಸ್ಟಮ್ಸ್ ಕೇಂದ್ರ ಶುರುವಾಯಿತು. 2022ರ ಫೆಬ್ರವರಿಯಲ್ಲಿ, ಕ್ಯಾಂಪಸ್ಸಿನಲ್ಲೇ ವೈದ್ಯಕೀಯ ಶಾಲೆ ಮತ್ತು 800 ಹಾಸಿಗೆಯ ಆಸ್ಪತ್ರೆ ಕಟ್ಟುವುದಾಗಿ ಸಾರಿದರು. ಅದಕ್ಕೆ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ ದೇಣಿಗೆ 425 ಕೋಟಿ ರೂಪಾಯಿ. ರಾಮಚಂದ್ರನ್ ಪ್ರಬಂಧ ಬಂದು ಅರ್ಧ ಶತಮಾನ ಕಳೆದ ಮೇಲೆ ಲೆಕ್ಕ ಹಾಕುವವರೂ ರೋಗಿಗಳೂ ಒಂದೇ ಆವರಣಕ್ಕೆ ಬರಲು ಹೊರಟಿದ್ದಾರೆ.

ಮತ್ತೆ ನಮ್ಮ ಜಿಲ್ಲೆ? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕುಂದಾಪುರಕ್ಕೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಬೈಂದೂರು ಬಳಿ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಆಗ ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಆಸ್ಪತ್ರೆ ಕೊಡಿ ಎಂಬ ಕೂಗು ಜೋರಾಗಿ ಎದ್ದಿತು. ನ್ಯಾಯವಾದ ಕೂಗು. ಅದರ ಜೊತೆ ಇನ್ನೊಂದನ್ನೂ ಕೇಳಬೇಕು. ಯಂತ್ರ ತಂದಿಟ್ಟರೆ ಸಾಲದು. ಮಳೆಗಾಲದ ಕರೆಂಟಿನಲ್ಲಿ ಅದನ್ನು ಕಾಯುವವರು ಯಾರು, ಕೆಟ್ಟರೆ ರಿಪೇರಿಗೆ ಎಲ್ಲಿಂದ ಬರುತ್ತಾರೆ, ರಾತ್ರಿ ಹನ್ನೆರಡಕ್ಕೆ ಬಂದ ಚಿತ್ರವನ್ನು ಓದಿ ಹೇಳುವ ರೇಡಿಯಾಲಜಿಸ್ಟ್ ಯಾರು? ಚಿತ್ರವನ್ನು ನೆಟ್ಟಿನಲ್ಲಿ ಬೆಂಗಳೂರಿಗೆ ಕಳಿಸಿ ಓದಿಸುವುದು ಇವತ್ತು ಕಷ್ಟವಲ್ಲ. ಆದರೆ ಅದು ತನ್ನ ಕೆಲಸ ಎಂದು ಒಪ್ಪಿಕೊಳ್ಳುವ ಒಂದು ಕಚೇರಿ ಬೇಕು.

ನಮ್ಮ ಮೂರು ತಾಲ್ಲೂಕಿನಿಂದ ಹೋಗಿ ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ನಮ್ಮಂಥವರು ಎಷ್ಟಿದ್ದೇವೆ ಹೇಳಿ. ಸ್ಕ್ಯಾನರ್ ಕಂಪನಿಗಳಲ್ಲೇ ಕೆಲಸ ಮಾಡುವವರೂ ಇದ್ದಾರೆ. ಘಟ್ಟದ ಮೇಲಿನ ಒಂದು ಸಣ್ಣ ಆಸ್ಪತ್ರೆಯ ಯಂತ್ರ ವರ್ಷವಿಡೀ ನಿಲ್ಲದೆ ನಡೆಯಲು ಏನೇನು ಬೇಕು? ಈ ಲೆಕ್ಕ ನಾವು ಹಾಕದೆ ಇನ್ಯಾರು ಹಾಕಬೇಕು? ನೀವೇನಂತೀರಿ?