ಲಾವಣಿ ಬಾಕಿಗೆ ಹೊಲ ಬಿಡಿಸುವುದು

ಬೆಳವಣಕಿಯ ಎರಿ ಹೊಲಗಳಲ್ಲಿ ಒಡೆಯ ಒಬ್ಬ, ಬಿತ್ತುವವ ಇನ್ನೊಬ್ಬ ಆಗಿರುವುದು ಹಳೆಯ ರೂಢಿ. ನಮ್ಮಜ್ಜನೂ ಪರರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡಿದವ. ಯುಗಾದಿಯಿಂದ ಯುಗಾದಿಗೆ ಮಾತು, ಕಾಗದಪತ್ರ ಏನೂ ಇಲ್ಲ. ಹಿಂಗಾರಿ ಜೋಳ, ಕಡಲಿ ರಾಶಿಯಾದ ಮೇಲೆ ಮೊದಲು ಒಡೆಯನ ಚೀಲ ತುಂಬಬೇಕು. ಮಳೆ ಕೈಕೊಟ್ಟರೆ ಆ ಚೀಲ ತುಂಬುತ್ತಿರಲಿಲ್ಲ, ಲಾವಣಿ ಬಾಕಿ ಬೀಳುತ್ತಿತ್ತು.

ಬಾಕಿ ಬಿದ್ದವನನ್ನು ಹೊಲ ಬಿಡಿಸುವುದು ಬ್ರಿಟಿಷರ ಕಾಲದಲ್ಲಿ ಬಹಳ ಸುಲಭವಿತ್ತು. ನಮ್ಮ ರೋಣ ತಾಲೂಕು ಆಗ ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಇಲಾಖೆಯಲ್ಲಿ. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಪ್ರಕಾರ ವರ್ಷದ ಲಾವಣಿ ಮುರಿಯಲು ವರ್ಷ ಮುಗಿಯುವ ಮೂರು ತಿಂಗಳ ಮೊದಲು ಒಂದು ಲಿಖಿತ ನೋಟೀಸು ಕೊಟ್ಟರೆ ಮುಗಿಯಿತು. ಬಾಕಿ ಇತ್ತೋ ಇಲ್ಲವೋ ಕೇಳುವವರಿರಲಿಲ್ಲ. ಓದು ಬಾರದವನ ಕೈಗೆ ಬಂದ ಆ ಚೀಟಿಗೆ ಉತ್ತರ ಬರೆಯುವವರಾದರೂ ಯಾರಿದ್ದರು?

1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ ಇದನ್ನು ಬದಲಿಸಿತು. ನಮ್ಮ ಕಡೆ ಇದರ ನೆನಪು ಕಡಿಮೆ. ಆದರೆ ನನ್ನ ಮಟ್ಟಿಗೆ ಬಡ ಲಾವಣಿದಾರನ ಪರವಾಗಿ ಬಂದ ಮೊದಲ ದೊಡ್ಡ ಮಾತು ಇದೇ. ಮಳೆ ಆಧಾರದ ಹೊಲಕ್ಕೆ ಬೆಳೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಅದು ಕಟ್ಟುಮಾಡಿತು. ಆಣೆವಾರಿ (ಬೆಳೆಯ ಅಂದಾಜು) ಬಿದ್ದು ಸರಕಾರ ಕಂದಾಯ ತಡೆಹಿಡಿದರೆ ಒಡೆಯನೂ ಲಾವಣಿಯನ್ನು ತಡೆಹಿಡಿಯಬೇಕು. ಬಾಕಿಗಾಗಿ ಹೊಲ ಬಿಡಿಸಬೇಕೆಂದರೆ ನೋಟೀಸು ಕೊಟ್ಟು ಮಾಮಲೇದಾರರ ಮುಂದೆ ಅರ್ಜಿ ಹಾಕಬೇಕು. ಅವರ ಹುಕುಮು ಇಲ್ಲದೆ ಹೊಲಕ್ಕೆ ಕಾಲಿಡುವಂತಿಲ್ಲ. ಅಲ್ಲಿಯೂ ಮಾಮಲೇದಾರರು ಬಾಕಿ ಮತ್ತು ಖರ್ಚು ತುಂಬಲು ಹದಿನೈದು ದಿನ ಕೊಡಲೇಬೇಕು. ತುಂಬಿದರೆ ಲಾವಣಿ ಮುರಿಯಲಿಲ್ಲ ಎಂದೇ ಲೆಕ್ಕ. ಮೂರು ವರ್ಷ ಬಾಕಿ ಉಳಿಸಿ, ಒಡೆಯನಿಂದ ಪ್ರತಿ ಸಲವೂ ತಿಳಿವಳಿಕೆ ಪಡೆದವನಿಗೆ ಮಾತ್ರ ಈ ರಿಯಾಯಿತಿ ಇರಲಿಲ್ಲ. ಇದು ಒಡೆಯನಿಗೂ ಅನ್ಯಾಯವಲ್ಲ.

ನಮ್ಮಜ್ಜನಿಗೆ ರೋಣದ ಕಚೇರಿಯಿಂದ ಬಾಕಿ ತುಂಬುವ ಹುಕುಮು ಬಂದಾಗ ಮನೆಯಲ್ಲಿ ರೊಕ್ಕವಿರಲಿಲ್ಲ. “ಎತ್ತು ಮಾರ್ರಿ, ಹೊಲ ಬಿಡಬ್ಯಾಡ್ರಿ” ಅಂದಳಂತೆ ಅಜ್ಜಿ. ಅಜ್ಜ ಎತ್ತು ಮಾರಿ ಬಾಕಿ ತುಂಬಿದ. ಆಮೇಲಿಂದ ಪಾವತಿ ಚೀಟಿ ಇಸಿದುಕೊಳ್ಳದೆ ಒಂದು ಚೀಲವನ್ನೂ ಅಳೆದು ಕೊಡಲಿಲ್ಲ. ಪಾವತಿ ಕೊಡುವುದು ಒಡೆಯನ ಕರ್ತವ್ಯ ಎಂದು ಅದೇ ಕಾಯ್ದೆ ಹೇಳಿತ್ತು. ಆದರೂ ಊರಿನಲ್ಲಿ ಕೇಳುವ ಧೈರ್ಯ ಮಾಡಿದವರು ಸ್ವಲ್ಪ ಮಂದಿ.

1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1961ರ ಭೂಸುಧಾರಣೆ ಕಾಯ್ದೆ 1965ರಲ್ಲಿ ಜಾರಿಗೆ ಬಂತು. ದೇವರಾಜ ಅರಸರ ಸರಕಾರ ಅದನ್ನು ತಿದ್ದಿದಾಗ, 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನು ಸರಕಾರಕ್ಕೆ ಸೇರಿ, ಉಳುವವರು ನಮೂನೆ 7ರಲ್ಲಿ ಅರ್ಜಿ ಹಾಕುವ ಹಾಗಾಯಿತು. ಭೂನ್ಯಾಯಮಂಡಳಿಯ ಮುಂದೆ ಅಜ್ಜ ಇಟ್ಟದ್ದು ಅವೇ ಪಾವತಿಗಳನ್ನು. ಹೊಲ ನಮ್ಮ ಹೆಸರಿಗಾಯಿತು. ಬಾಯಿಮಾತಿನ ಲಾವಣಿ ನಂಬಿ, ಹೇಳಿದಾಗ ಹೊಲ ಬಿಟ್ಟುಕೊಟ್ಟಿದ್ದವರಿಗೆ ತೋರಿಸಲು ಏನೂ ಇರಲಿಲ್ಲ.

ಮನೆ ಬಾಡಿಗೆಯ ಮಾತು ಬೇರೆ. ನಮ್ಮಂಥ ಹಳ್ಳಿಗಳಲ್ಲಿ ಇಂದಿಗೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ನಡೆಯುತ್ತದೆ: ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ 15 ದಿನಗಳ ನೋಟೀಸು, ಬಿಡದಿದ್ದರೆ ಕೋರ್ಟಿನಲ್ಲಿ ದಾವೆ. ಬಾಗಿಲಿಗೆ ಬೀಗ ಜಡಿದು ಸಾಮಾನು ಹೊರಗೆ ಹಾಕುವ ಅಧಿಕಾರ ಒಡೆಯನಿಗಿಲ್ಲ. ಹಾಗೆ ಹೊರಬಿದ್ದವರು ಆರು ತಿಂಗಳೊಳಗೆ ಸ್ವಾಧೀನ ಮರಳಿ ಕೇಳಬಹುದು.

ಹೊಲದ ಲಾವಣಿ ಮಾತ್ರ, ಕೆಲವು ವಿನಾಯಿತಿ ಬಿಟ್ಟರೆ, 1974ರಿಂದ ಕಾನೂನಿಗೆ ವಿರುದ್ಧ. ಹಾಗಿದ್ದರೂ ನಿಂತಿಲ್ಲ. ಕಾಗದವಿಲ್ಲದ ಲಾವಣಿಯಲ್ಲಿ ಹೆಸರುಕಾಳು, ಕಡಲಿ ಬೆಳೆಯುವವನಿಗೆ 1948ರ ಕಾಯ್ದೆಯಡಿ ಅಜ್ಜನಿಗಿದ್ದ ಹದಿನೈದು ದಿನವೂ ಇಲ್ಲ. ಬೆಳೆ ಪರಿಹಾರ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿದ್ದವರ ಖಾತೆಗೆ ಹೋಗುತ್ತದೆ, ನಷ್ಟ ಬಿತ್ತಿದವನಿಗೆ ಉಳಿಯುತ್ತದೆ. ಒಡೆಯನ ಹಕ್ಕಿಗೆ ಧಕ್ಕೆ ಬಾರದಂತೆ ಬಿತ್ತುವವನ ಹೆಸರನ್ನೂ ದಾಖಲೆಗೆ ತರುವ ಒಂದು ಸರಳ ಕಾನೂನನ್ನು ಸರಕಾರ ಇನ್ನಾದರೂ ಮಾಡಬೇಕು.