ಗ್ರೀಷ್ಮಚರ್ಯೆ: ಶಾಸ್ತ್ರದ ಋತು, ಮಲೆನಾಡಿನ ಋತು ಮತ್ತು ಶ್ರಾವಕನ ಅಡುಗೆಮನೆ

ಬೇಸಿಗೆ ಬಂದೊಡನೆ ಪಿತ್ತ ಕೆರಳುತ್ತದೆ, ಆದ್ದರಿಂದ ಪಿತ್ತಶಮನದ ಆಹಾರ ಬೇಕು ಎಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತದೆ. ಆಯುರ್ವೇದದ ಮೂಲಗ್ರಂಥಗಳು ಹೇಳುವುದು ಬೇರೆ. ವಾಗ್ಭಟನ ಕ್ರಮದಲ್ಲಿ ಗ್ರೀಷ್ಮವು ವಾತದ ಸಂಚಯಕಾಲ. ಅದರ ಪ್ರಕೋಪ ವರ್ಷಾಋತುವಿನಲ್ಲಿ. ಪಿತ್ತವು ಮಳೆಗಾಲದಲ್ಲಿ ಸಂಚಯಗೊಂಡು ಶರತ್ಕಾಲದಲ್ಲಿ ಕೆರಳುತ್ತದೆ. ಆದಾನಕಾಲದ ಸೂರ್ಯನು ಜಗತ್ತಿನ ಸ್ನೇಹಾಂಶವನ್ನು ಹೀರುವುದರಿಂದ ದೇಹ ರೂಕ್ಷವಾಗುತ್ತದೆ, ಬಲ ಕುಗ್ಗುತ್ತದೆ. ಆ ರೂಕ್ಷತೆಯೇ ವಾತಕ್ಕೆ ನೆಲೆ. ಆದ್ದರಿಂದ ಚರಕಾದಿಗಳು ಗ್ರೀಷ್ಮದಲ್ಲಿ ಮಧುರ, ಸ್ನಿಗ್ಧ, ಶೀತ, ದ್ರವ ಆಹಾರವನ್ನು ವಿಧಿಸಿ ಉಪ್ಪು, ಹುಳಿ, ಖಾರ, ವ್ಯಾಯಾಮಗಳನ್ನು ಕಡಿಮೆ ಮಾಡಲು ಹೇಳಿದರು. ಹಗಲುನಿದ್ರೆಯನ್ನು ಉಳಿದ ಋತುಗಳಲ್ಲಿ ನಿಂದಿಸುವ ಗ್ರಂಥಗಳು ಈ ಒಂದು ಋತುವಿನಲ್ಲಿ ಅದಕ್ಕೆ ಅನುಮತಿ ನೀಡುವುದೂ ಇದೇ ಕಾರಣದಿಂದ. ಕೇವಲ ತಣ್ಣಗಿರುವುದು ಇಲ್ಲಿಯ ಉದ್ದೇಶವಲ್ಲ, ಬರಲಿರುವ ಮಳೆಗಾಲಕ್ಕೆ ದೇಹವನ್ನು ಸಜ್ಜುಗೊಳಿಸುವುದು.

ಈ ಶಾಸ್ತ್ರವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಮಲೆಗಳಿಗೆ ತಂದಾಗ ಮೊದಲ ತೊಡಕು ಪಂಚಾಂಗದ್ದು. ಪ್ರಸಿದ್ಧವಾದ ಷಡೃತು ಕ್ರಮದಲ್ಲಿ ಜ್ಯೇಷ್ಠ-ಆಷಾಢಗಳು ಗ್ರೀಷ್ಮ. ಆದರೆ ಕಳಸದಲ್ಲಿ ಆಷಾಢವೆಂದರೆ ಭದ್ರೆ ಕೆಂಪಾಗಿ ತುಂಬಿ ಹರಿಯುವ ಕಾಲ. ಮೃಗಶಿರಾ ಮುಗಿದು ಆರಿದ್ರಾ ಮಳೆ ಹಿಡಿದರೆ ಬಿಸಿಲಿನ ಮುಖ ಕಾಣುವುದೇ ದುರ್ಲಭ. ಆ ತಿಂಗಳಲ್ಲಿ ಶಾಸ್ತ್ರದ ಅಕ್ಷರವನ್ನು ನಂಬಿ ತಂಪಿನ ಪಾನಕ ಕುಡಿದವನು ಶೀತಜ್ವರವನ್ನೇ ಆಹ್ವಾನಿಸಿಕೊಂಡಂತೆ.

ಪರಿಹಾರ ಸುಶ್ರುತನಲ್ಲಿದೆ. ಅವನು ದೋಷಗಳ ಸಂಚಯ-ಪ್ರಕೋಪಗಳ ಲೆಕ್ಕಕ್ಕಾಗಿ ಇನ್ನೊಂದು ಋತುಕ್ರಮವನ್ನು ಕೊಡುತ್ತಾನೆ. ಅದರಲ್ಲಿ ಶಿಶಿರ ಕೈಬಿಟ್ಟುಹೋಗಿ ಪ್ರಾವೃಟ್ ಎಂಬ ಋತು ಸೇರುತ್ತದೆ: ಫಾಲ್ಗುನ-ಚೈತ್ರ ವಸಂತ, ವೈಶಾಖ-ಜ್ಯೇಷ್ಠ ಗ್ರೀಷ್ಮ, ಆಷಾಢ-ಶ್ರಾವಣ ಪ್ರಾವೃಟ್, ಭಾದ್ರಪದ-ಆಶ್ವಯುಜ ವರ್ಷಾ. ವ್ಯಾಖ್ಯಾನಕಾರ ಡಲ್ಹಣನು ಕಾಶ್ಯಪನ ಮತವನ್ನು ಉಲ್ಲೇಖಿಸಿ, ಗಂಗೆಯ ದಕ್ಷಿಣಕ್ಕೆ ಮಳೆ ಹೆಚ್ಚಾದ್ದರಿಂದ ಪ್ರಾವೃಟ್-ವರ್ಷಾ ಎಂಬ ಎರಡು ಮಳೆಋತುಗಳನ್ನೂ, ಉತ್ತರಕ್ಕೆ ಚಳಿ ಹೆಚ್ಚಾದ್ದರಿಂದ ಹೇಮಂತ-ಶಿಶಿರ ಎಂಬ ಎರಡು ಚಳಿಋತುಗಳನ್ನೂ ಎಣಿಸಬೇಕೆಂದು ವಿವರಿಸುತ್ತಾನೆ. ಮಲೆನಾಡಿಗೆ ಈ ಎರಡನೆಯ ಕ್ರಮ ಅಳತೆ ತೆಗೆದು ಹೊಲಿದಂತೆ ಒಪ್ಪುತ್ತದೆ. ಕರ್ನಾಟಕದ ಋತುಚರ್ಯೆಯನ್ನು ಚರ್ಚಿಸುವವರು ಸಾಮಾನ್ಯವಾಗಿ ಮೊದಲ ಕ್ರಮವನ್ನೇ ಹಿಡಿದು ಹೊರಡುವುದು ಸೋಜಿಗ.

ಸಂಚಯ-ಪ್ರಕೋಪಗಳ ನಡುವಿನ ಅಂತರವೂ ಇಲ್ಲಿ ಕಿರಿದು. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಒಳ್ಳೆಯ ಹೂಮಳೆ ಬಿದ್ದರೆ ಎಂಟು-ಹತ್ತು ದಿನಗಳಲ್ಲಿ ಕಾಫಿ ತೋಟಗಳು ಬೆಳ್ಳಗೆ ಅರಳುತ್ತವೆ. ಹಾಗೆ ಬೇಸಿಗೆಯ ನಡುವೆಯೇ ನೆಲ ನೆನೆದು ಮತ್ತೆ ಕಾಯುತ್ತದೆ. ಜೂನ್‌ನಲ್ಲಿ ಮುಂಗಾರು ಮೆಲ್ಲಗೆ ಬರುವುದಿಲ್ಲ, ಎರಗುತ್ತದೆ. ಜೊತೆಗೆ, ಮರ ನೀರು ಬೆಟ್ಟಗಳ ಈ ಸೀಮೆ ಶಾಸ್ತ್ರದ ವಿಭಾಗದಲ್ಲಿ ಆನೂಪದೇಶ, ಅಂದರೆ ಕಫವಾತಪ್ರಧಾನ. ಬಯಲುಸೀಮೆಯ ಜಾಂಗಲದೇಶಕ್ಕೆ ಹಿತವಾದ ಅತಿಶೀತ, ಅತಿಸ್ನಿಗ್ಧ ಉಪಚಾರ ಇಲ್ಲಿ ಬೇಗನೆ ಕಫಕ್ಕೆ ತಿರುಗಬಲ್ಲದು.

ಎರಡನೆಯ ತೊಡಕು ಆಚಾರದ್ದು. ಈ ಮಲೆಗಳ ಜೈನ ಇತಿಹಾಸ ದೀರ್ಘವಾದುದು. ಮೂಡಿಗೆರೆ ತಾಲೂಕಿನ ಅಂಗಡಿ ಹೊಯ್ಸಳರ ಮೂಲನೆಲೆಯಾದ ಸೊಸೆವೂರು. ಅಲ್ಲಿಯ ಬಸದಿಗಳು ಆ ವಂಶದ ಉದಯಕಾಲವನ್ನು ನೆನಪಿಸುತ್ತವೆ. ಕಳಸವನ್ನು ಆಳಿದ ಭೈರರಸರು ಜೈನರಾಗಿದ್ದೂ ಕಳಸೇಶ್ವರನಿಗೆ ನಡೆದುಕೊಂಡವರು. 13ನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿಯರು ಇಲ್ಲಿ ಆಳ್ವಿಕೆ ನಡೆಸಿದರು. ಘಟ್ಟದ ಕೆಳಗೆ ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. ಇಂಥ ನೆಲದ ಶ್ರಾವಕನ ಮನೆಯಲ್ಲಿ ಚರಕ-ವಾಗ್ಭಟರ ಗ್ರೀಷ್ಮಚರ್ಯೆಯನ್ನು ಹೇಗೆ ಪಾಲಿಸಬೇಕು?

ಪ್ರಶ್ನೆ ಸುಲಭದ್ದಲ್ಲ. ಚರಕನು ಗ್ರೀಷ್ಮಕ್ಕೆ ಜಾಂಗಲ ಮೃಗಪಕ್ಷಿಗಳ ಮಾಂಸವನ್ನು ಹೇಳುತ್ತಾನೆ. ಮದ್ಯವನ್ನು ಬಿಡಬೇಕು ಅಥವಾ ಬಹಳ ನೀರು ಬೆರೆಸಿ ಅಲ್ಪವಾಗಿ ಕುಡಿಯಬೇಕು ಎನ್ನುತ್ತಾನೆ. ಶ್ರಾವಕನ ಮೂಲಗುಣಗಳು ಮದ್ಯ, ಮಾಂಸ, ಮಧು ಮೂರನ್ನೂ ವರ್ಜಿಸುತ್ತವೆ. ಪಂಚೋದುಂಬರ ಫಲಗಳೂ ವರ್ಜ್ಯ. ಅತ್ತಿಯ ಹಣ್ಣು ತಂಪೆಂದು ದ್ರವ್ಯಗುಣಶಾಸ್ತ್ರ ಎಷ್ಟೇ ಹೊಗಳಿದರೂ ಅದರೊಳಗಿನ ಜೀವಗಳ ಕಾರಣ ಶ್ರಾವಕನಿಗೆ ಸಲ್ಲದು. ಇನ್ನೂ ಸೂಕ್ಷ್ಮವಾದ ಘರ್ಷಣೆ ವಾಗ್ಭಟನ ಒಂದು ವಿಧಿಯಲ್ಲಿದೆ: ಗ್ರೀಷ್ಮದ ರಾತ್ರಿ ಚಂದ್ರನಕ್ಷತ್ರಗಳ ಬೆಳಕಿನಲ್ಲಿ ತಣಿದ ಎಮ್ಮೆಯ ಹಾಲನ್ನು ಸಕ್ಕರೆ ಬೆರೆಸಿ ಕುಡಿಯಬೇಕು. ರಮಣೀಯವಾದ ವಿಧಿ. ರಾತ್ರಿಭೋಜನತ್ಯಾಗಿಗೆ ಅದು ನಿಷಿದ್ಧ.

ಜೈನ ವೈದ್ಯರು ಈ ಸಮಸ್ಯೆಯನ್ನು ಕಣ್ಮರೆ ಮಾಡದೆ ಎದುರಿಸಿದರು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯನು ತನ್ನ ಸಂಸ್ಕೃತ ‘ಕಲ್ಯಾಣಕಾರಕ’ಕ್ಕೆ ‘ಹಿತಾಹಿತಾಧ್ಯಾಯ’ವನ್ನು ಸೇರಿಸಿ, ಮಾಂಸವು ಔಷಧವೆಂಬ ಮತವನ್ನು ರಾಜಸಭೆಯಲ್ಲಿಯೇ ಖಂಡಿಸಿದನು. ಸುಮಾರು 1150ರಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕೃತಿಯನ್ನು ಕನ್ನಡಕ್ಕೆ ತಂದು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು, ಮದ್ಯಮಾಂಸಮಧುಗಳಿಲ್ಲದ ಚಿಕಿತ್ಸೆ ಅದರ ಹೆಗ್ಗುರುತು. ಧರ್ಮಕ್ಕಾಗಿ ವೈದ್ಯವನ್ನು ಮೊಟಕುಗೊಳಿಸಿದರೆಂದು ಇದನ್ನು ಓದುವುದು ಸರಿಯಲ್ಲ. ಒಂದು ದ್ರವ್ಯವನ್ನು ಬಿಟ್ಟಾಗ ಅದರ ರಸ-ಗುಣ-ವೀರ್ಯಗಳನ್ನು ಬೇರೊಂದರಿಂದ ತುಂಬುವುದು ಆಯುರ್ವೇದದ ಒಳಗಿನದೇ ಆದ ನ್ಯಾಯ. ಈ ವೈದ್ಯರು ಆ ನ್ಯಾಯವನ್ನು ಕೊನೆಯವರೆಗೂ ಒಯ್ದರು. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆ ಪ್ರತ್ಯೇಕ ವಿಭಾಗವನ್ನೇ ಮೀಸಲಿಟ್ಟದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ನೀರಿನ ವಿಷಯದಲ್ಲಂತೂ ಎರಡೂ ಶಾಸ್ತ್ರಗಳು ಒಂದೆಡೆ ಕೂಡುತ್ತವೆ. ಸೋಸಿ ಕಾಯಿಸಿದ ಪ್ರಾಸುಕ ನೀರು ಶ್ರಾವಕಾಚಾರದ ವಿಧಿ. ಬಿಸಿಲಿನಲ್ಲಿ ಬಿಸಿನೀರೇ ಎಂದು ಹೊರಗಿನವರಿಗೆ ವಿಚಿತ್ರವೆನಿಸಬಹುದು. ಆದರೆ ಕಾಯಿಸಿ ಆರಿಸಿದ ನೀರು, ಶೃತಶೀತಜಲ, ಪಿತ್ತಕ್ಕೂ ಬಾಯಾರಿಕೆಗೂ ಹಿತವೆಂದು ವೈದ್ಯಗ್ರಂಥಗಳೇ ಸಾರುತ್ತವೆ.

ತಂಬುಳಿಯ ಕಥೆ ಇದಕ್ಕಿಂತ ಜಟಿಲ. ತಣ್ + ಪುಳಿ, ತಂಪಾದ ಹುಳಿ ಎಂದು ಹೆಸರೇ ಹೇಳುತ್ತದೆ. ಒಂದೆಲಗ, ದೊಡ್ಡಪತ್ರೆ ಅಥವಾ ನೆಲ್ಲಿಯನ್ನು ಜೀರಿಗೆ, ತೆಂಗಿನತುರಿಯೊಡನೆ ಅರೆದು ಮಜ್ಜಿಗೆಯಲ್ಲಿ ಕಲಸುವ ಈ ಪದಾರ್ಥವಿಲ್ಲದೆ ಮಲೆನಾಡಿನ ಬೇಸಿಗೆ ಊಟವಿಲ್ಲ. ಶಾಸ್ತ್ರವೋ, ಗ್ರೀಷ್ಮದಲ್ಲಿ ಹುಳಿಯನ್ನು ಬಿಡಿಸುತ್ತದೆ. ಮೊಸರನ್ನು ಚರಕನು ಈ ಋತುವಿಗೆ ಒಪ್ಪುವುದಿಲ್ಲ, ಸುಶ್ರುತನು ಉಷ್ಣಕಾಲದಲ್ಲಿ ಮಜ್ಜಿಗೆಯನ್ನೂ ಬೇಡವೆನ್ನುತ್ತಾನೆ. ಹಾಗಾದರೆ ಮಲೆನಾಡಿನ ಅಜ್ಜಿಯರು ಶಾಸ್ತ್ರವಿರುದ್ಧವಾಗಿ ನಡೆದರೇ? ತೆಂಗು ಮಧುರ, ಸ್ನಿಗ್ಧ, ಶೀತ. ಒಂದೆಲಗವೂ ನೆಲ್ಲಿಯೂ ಶೀತವೀರ್ಯದವು. ಮಜ್ಜಿಗೆ ಇಲ್ಲಿ ಧಾರಾಳ ನೀರಿನಲ್ಲಿ ತೆಳುವಾಗುತ್ತದೆ. ಕಫವಾತಪ್ರಧಾನವಾದ ಆನೂಪದೇಶದಲ್ಲಿ ಕಫವಾತಹರವೆನಿಸಿದ ಮಜ್ಜಿಗೆಗೆ ಎಡೆ ಸಿಕ್ಕುವುದು ಸಹಜವೇ. ನಿಷೇಧದ ಅಕ್ಷರ ಮೀರಿದ್ದರೂ ಅದರ ಆಶಯ ಉಳಿದಿದೆ. ಶ್ರಾವಕನ ಅಡುಗೆಮನೆ ಇದಕ್ಕೆ ಇನ್ನೊಂದು ಎಚ್ಚರವನ್ನು ಸೇರಿಸಿತು: ದ್ವಿದಳದೋಷದ ನಿಯಮದಂತೆ ಹಸಿ ಮಜ್ಜಿಗೆಗೆ ಬೇಳೆ ಬೆರೆಯಬಾರದು. ಒಗ್ಗರಣೆಯ ಉದ್ದಿನಬೇಳೆಯೂ ಈ ಲೆಕ್ಕದಿಂದ ಹೊರಗಲ್ಲ. (ಅದೇ ಊಟ ಮುಗಿಸಿ ಕುಡಿಯುವ ಉಷ್ಣ-ತೀಕ್ಷ್ಣ ಗುಣದ ಕಾಫಿಯ ಬಗ್ಗೆ ಪ್ರಾಚೀನರು ಮೌನ. 17ನೆಯ ಶತಮಾನದಲ್ಲಿ ಬಾಬಾಬುಡನ್ ತಂದರೆಂದು ಪ್ರತೀತಿಯಿರುವ ಏಳು ಬೀಜಗಳು ಅವರಿಗೆ ತಿಳಿಯುವಂತಿರಲಿಲ್ಲ.)

ಇಷ್ಟೆಲ್ಲ ಸೂಕ್ಷ್ಮತೆ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಆಹಾರದಾನದಲ್ಲಿದೆ. ದಿಗಂಬರ ಮುನಿಗೆ ಬೇಸಿಗೆಯಿಂದ ತಪ್ಪಿಸಿಕೊಳ್ಳುವ ವಿಧಾನವಿಲ್ಲ. ಇಪ್ಪತ್ತೆರಡು ಪರೀಷಹಗಳಲ್ಲಿ ತೃಷೆಯೂ ಉಷ್ಣವೂ ಸೇರಿವೆ. ಗ್ರೀಷ್ಮದಲ್ಲಿ ಬಿಸಿಲಿಗೆ ಮೈಯೊಡ್ಡುವ ಆತಾಪನಯೋಗವನ್ನು ಪುರಾಣಗಳು ಕೊಂಡಾಡುತ್ತವೆ. ಅವನು ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ ಉಣ್ಣುತ್ತಾನೆ, ನೀರೂ ಆಗಲೇ. ಇಂಥದು ಬೇಕೆಂದು ಕೇಳುವಂತಿಲ್ಲ. ಮುಂದಿನ ಇಪ್ಪತ್ತನಾಲ್ಕು ಗಂಟೆಗಳ ಬಿಸಿಲಿಗೆ ಆ ದೇಹ ನಿಲ್ಲುವುದೋ ಇಲ್ಲವೋ ಎಂಬುದು ಗೃಹಿಣಿಯೊಬ್ಬಳ ಋತುಜ್ಞಾನವನ್ನು ಅವಲಂಬಿಸಿದೆ. ದಾತೃವು ಕಾಲ, ದೇಶ, ಪಾತ್ರನ ಪ್ರಕೃತಿಗಳನ್ನು ಅರಿತು ನೀಡಬೇಕೆಂಬ ವಿಧಿಯ ಭಾರ ತಿಳಿಯುವುದು ವೈಶಾಖದ ಮಧ್ಯಾಹ್ನದಲ್ಲಿ.

ಪರಂಪರೆಯಲ್ಲಿ ಮೊದಲ ಆಹಾರದಾನ ನಡೆದದ್ದೂ ಆ ಮಾಸದಲ್ಲಿಯೇ. ದೀಕ್ಷೆಯ ನಂತರ ಆರು ತಿಂಗಳು ಉಪವಾಸವಿದ್ದು, ಆಮೇಲೆಯೂ ವಿಧಿಯರಿತು ನೀಡುವವರಿಲ್ಲದೆ ತಿಂಗಳುಗಟ್ಟಲೆ ಬರಿಗೈಯಲ್ಲಿ ಮರಳಿದ ವೃಷಭನಾಥನಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ನೀಡಿದ್ದು ಇಕ್ಷುರಸ. ದಿನ ವೈಶಾಖ ಶುದ್ಧ ತದಿಗೆ, ಅಕ್ಷಯತೃತೀಯೆ. ಪಂಪನ ‘ಆದಿಪುರಾಣ’ದ ಮೂಲಕ ಕನ್ನಡಿಗರಿಗೆ ಚಿರಪರಿಚಿತವಾದ ಈ ಪ್ರಸಂಗವನ್ನು ದಾನದ ಮಹಿಮೆಯಾಗಿ ಓದುವುದು ರೂಢಿ. ಕಬ್ಬಿನ ಹಾಲು ಮಧುರ, ಸ್ನಿಗ್ಧ, ಶೀತ, ದ್ರವ. ಗ್ರೀಷ್ಮಕ್ಕೆ ಚರಕನು ಎಣಿಸಿದ ನಾಲ್ಕೂ ಗುಣಗಳು ಆ ಒಂದು ಬೊಗಸೆಯಲ್ಲಿದ್ದವು.