ಕೋಳಿಮರಿಯ ನೀರಿಗೆ ಬೆರೆಸುವ ಪುಡಿ ಹಾರ್ಮೋನೇ?

ಫಾರಂ ಒಂದರಲ್ಲಿ ಪುಟ್ಟ ಕೋಳಿಮರಿಗಳ ನೀರಿಗೆ ಯಾರೋ ಪುಡಿ ಬೆರೆಸುವ ವಿಡಿಯೊ, ಕೆಳಗೆ ‘ಹಾರ್ಮೋನ್ ಕೋಳಿ, ತಿನ್ನಬೇಡಿ’ ಎಂಬ ಎಚ್ಚರಿಕೆ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಬ್ರಾಯ್ಲರ್ ಕೋಳಿ ಸುಮಾರು 40 ದಿನಕ್ಕೆ 2 ಕೆಜಿ ತೂಗುವುದು ನಿಜ, ಹಾಗಾಗಿ ಅನುಮಾನ ಬರುವುದು ಸಹಜವೇ. ಆದರೆ ಹಾರ್ಮೋನಿನ ಮಾತು ಸರಿಯಲ್ಲ.

ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ನೀರಿನಲ್ಲಿ ಕುಡಿಸಿದರೆ ಕೋಳಿಯ ಹೊಟ್ಟೆ ಅದನ್ನು ಮೇವಿನ ಜೊತೆಗೇ ಜೀರ್ಣಿಸಿಬಿಡುತ್ತದೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ನುಂಗದೆ ಚುಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ. ಇನ್ನು ಐದು ಸಾವಿರ ಕೋಳಿಗೆ ಮತ್ತೆ ಮತ್ತೆ ಇಂಜೆಕ್ಷನ್ ಕೊಡುತ್ತಾ ಕೂತರೆ ಕೂಲಿಯ ಖರ್ಚಿಗೇ ಲಾಭ ಮುಗಿದುಹೋಗುತ್ತದೆ.

ಹಾಗಾದರೆ ಇಷ್ಟು ಬೇಗ ಬೆಳೆಯುವುದು ಹೇಗೆ? ಮುಖ್ಯ ಕಾರಣ ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಬಗೆಯ ಮೇವು ಹಾಕಿ ಸಾಕಿದರು. 56ನೇ ದಿನ ಅವು ತೂಗಿದ್ದು ಕ್ರಮವಾಗಿ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ. ಬೇಗ ಬೆಳೆಯುವ ಕೋಳಿಗಳನ್ನೇ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ಮರಿ ಮಾಡಿಸಿದ್ದರ ಫಲ ಇದು.

ಇನ್ನು ಆ ಪುಡಿಯ ವಿಷಯ. ಮೊಟ್ಟೆಯಿಂದ ಹೊರಬಂದ ಮರಿಯ ತೂಕ ಸುಮಾರು 40 ಗ್ರಾಂ. ಹೊಟ್ಟೆಯೊಳಗೆ ಉಳಿದ ಹಳದಿ ಲೋಳೆಯೇ ಅದರ ಮೊದಲ ಬುತ್ತಿ. ಒಂದೇ ವಾರದಲ್ಲಿ ತೂಕ ನಾಲ್ಕು ಪಟ್ಟಿನಷ್ಟಾಗಬೇಕು, ಕರುಳೂ ಅದೇ ವಾರ ಬೆಳೆಯಬೇಕು. ಹ್ಯಾಚರಿಯಿಂದ ಲಾರಿಯಲ್ಲಿ ಬರುವಷ್ಟರಲ್ಲಿ ಎಷ್ಟೋ ಮರಿಗಳು ಒಂದು ದಿನಕ್ಕೂ ಹೆಚ್ಚು ಹೊತ್ತು ಮೇವು, ನೀರು ಕಾಣದೆ ಬಳಲಿರುತ್ತವೆ. ಅದಕ್ಕೇ ಬಂದ ಕೂಡಲೇ ಬೆಲ್ಲದ ನೀರೋ ಗ್ಲೂಕೋಸೋ, ಜೊತೆಗೆ ಎಲೆಕ್ಟ್ರೋಲೈಟ್ ಮತ್ತು ಎ, ಡಿ3, ಇ, ಬಿ ವಿಟಮಿನ್‌ಗಳು. ನಮ್ಮ ಓಆರ್‌ಎಸ್ ಇದ್ದ ಹಾಗೆ. ಕೆಲವರು ಪ್ರೊಬಯಾಟಿಕ್ ಕೂಡ ಕೊಡುತ್ತಾರೆ. ತಾಯಿಕೋಳಿಯ ಜೊತೆ ಬೆಳೆಯುವ ನಾಟಿ ಮರಿಗೆ ಅವಳ ಹಿಕ್ಕೆಯಿಂದಲೇ ಒಳ್ಳೆಯ ಬ್ಯಾಕ್ಟೀರಿಯಾ ಸಿಗುತ್ತವೆ, ಹ್ಯಾಚರಿಯ ಮರಿಗೆ ತಾಯಿಯೇ ಇಲ್ಲವಲ್ಲ! ಕಣ್ಣಿಗೆ ಹನಿ ಹಾಕುವ ವಿಡಿಯೊ ಬಂದರೆ, ಅದು ಸಾಮಾನ್ಯವಾಗಿ ಕೊಕ್ಕರೆ ರೋಗದ ಲಸಿಕೆ.

ಹಾಗೆಂದು ಈ ಪುಡಿಗಳೇನೂ ಪವಾಡ ಮಾಡುವುದಿಲ್ಲ. ಪ್ರೊಬಯಾಟಿಕ್ ಪ್ರಯೋಗಗಳ ಫಲಿತಾಂಶ ಒಂದೇ ತೆರನಾಗಿಲ್ಲ, ಸ್ವಚ್ಛವಾದ ಶೆಡ್‌ನಲ್ಲಿ ವ್ಯತ್ಯಾಸ ಕಾಣುವುದೇ ಕಡಿಮೆ. ಶೆಡ್ ಬೆಚ್ಚಗಿಲ್ಲದಿದ್ದರೆ ಯಾವ ಟಾನಿಕ್ಕೂ ಮರಿಯನ್ನು ಉಳಿಸುವುದಿಲ್ಲ. ಅನುಭವಿ ಸಾಕಣೆದಾರರು ಮರಿಯ ಕತ್ತಿನ ಬುಡದ ಚೀಲವನ್ನು ಮುಟ್ಟಿ ನೋಡುತ್ತಾರೆ. ಅದು ಮೆತ್ತಗೆ ತುಂಬಿದ್ದರೆ ಮರಿ ತಿಂದಿದೆ, ಕುಡಿದಿದೆ ಎಂದರ್ಥ.

ನಮ್ಮ ಪ್ರಕಾರ ಫಾರ್ವರ್ಡ್ ಆಗಬೇಕಾದ ವಿಷಯ ಬೇರೆಯೇ ಇದೆ: ಆ್ಯಂಟಿಬಯಾಟಿಕ್. ಕಾಯಿಲೆಯೇ ಇಲ್ಲದ ಮರಿಗಳಿಗೂ ‘ಇರಲಿ’ ಎಂದು ಅದನ್ನು ನೀರಿಗೆ ಬೆರೆಸುವುದುಂಟು. ಹೀಗೆ ಮಾಡಿದಾಗ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮನುಷ್ಯರಿಗೆ ಬೇರೆ ಔಷಧ ನಾಟದಿದ್ದಾಗ ಕೊನೆಗೆ ಕೊಡುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸದಂತೆ ಭಾರತ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಬೆಳವಣಿಗೆಗಾಗಿ ಆ್ಯಂಟಿಬಯಾಟಿಕ್ ಕೊಡುವುದನ್ನು ಐರೋಪ್ಯ ಒಕ್ಕೂಟ 2006ರಲ್ಲೇ ಪೂರ್ತಿ ನಿಲ್ಲಿಸಿದೆ.

ಕೋಳಿ ಸಾಕುವವರು ನೀವಾದರೆ, ಪ್ಯಾಕೆಟ್ ಮೇಲೆ ವಿಟಮಿನ್ ಹೆಸರಿನ ಜೊತೆ ಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್‌ನಂಥ ಹೆಸರಿದೆಯೇ ನೋಡಿ. ಇದ್ದರೆ ಅದು ಟಾನಿಕ್ ಅಲ್ಲ, ಔಷಧ. ಪಶುವೈದ್ಯರನ್ನು ಕೇಳದೆ ಕೊಡಬೇಡಿ. ಕೊಟ್ಟರೆ, ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಕೋಳಿಯನ್ನು ಮಾರಬೇಡಿ. ತಿನ್ನುವವರು ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಹಸಿ ಮಾಂಸ ಹೆಚ್ಚಿದ ಮಣೆಯನ್ನು ತೊಳೆಯದೆ ಅದರ ಮೇಲೆಯೇ ಸೌತೆಕಾಯಿ ಹೆಚ್ಚಿದರೆ ಅವು ನೇರ ತಟ್ಟೆಗೆ ಬರುತ್ತವೆ.